‘ವೆರಿ ಗುಡ್, ಚೆನ್ನಾಗಿ ಇಳಿಸಿದ್ದೀಯ’ ಅಂದಿದ್ದೆ ನಾನು

ಆ ಹುಡುಗಿ ಮೊದಲ ಸಲ ಬಂದಾಗ 62 ಕಿಲೋ ಇದ್ದಳು. ದಾವಣಗೆರೆಯಲ್ಲಿ ನಾನು ಫಿಸಿಷಿಯನ್ ಆಗಿ ಕೂತು ಆಗಿನ್ನೂ ಎರಡು ವರ್ಷ. ಹುಡುಗಿ ಪಿಯುಸಿ, ಸೈನ್ಸು, ಹಾಸ್ಟೆಲ್ಲು. ಮುಟ್ಟು ಸರಿಯಾಗಿ ಆಗುತ್ತಿಲ್ಲ ಅಂತ ಅಮ್ಮ ಕರೆದುಕೊಂಡು ಬಂದಿದ್ದರು. ಸ್ಕ್ಯಾನಿಂಗ್‌ನಲ್ಲಿ ಪಿಸಿಓಡಿ, ಅಂದರೆ ಅಂಡಾಶಯದಲ್ಲಿ ಸಣ್ಣ ಗುಳ್ಳೆಗಳ ತೊಂದರೆ ಅಂತ ಬಂತು. ನಾನು ಎಲ್ಲರಿಗೂ ಹೇಳುವ ಮಾತನ್ನೇ ಅವಳಿಗೂ ಹೇಳಿದೆ. ‘ತೂಕ ಇಳಿಸಮ್ಮ. ಬೆಣ್ಣೆ ದೋಸೆ, ಮಂಡಕ್ಕಿ ಮೆಣಸಿನಕಾಯಿ ಎಲ್ಲ ಸ್ವಲ್ಪ ದಿನ ಬಿಡು. ವಾಕಿಂಗ್ ಮಾಡು.’ ಹೇಳಿ ಮುಗಿಸೋಕೆ ಒಂದು ನಿಮಿಷವೂ ಹಿಡಿಯಲಿಲ್ಲ. ಹೊರಗೆ ನಲವತ್ತು ಜನ ಕಾಯುತ್ತಿದ್ದರು.

ನಾಲ್ಕು ತಿಂಗಳು ಬಿಟ್ಟು ಬಂದಳು. 51 ಕಿಲೋ. ನನಗೆ ಎಷ್ಟು ಖುಷಿ ಆಯಿತೆಂದರೆ, ಪಕ್ಕದಲ್ಲಿದ್ದ ಇನ್ನೊಬ್ಬ ಪೇಶೆಂಟ್‌ಗೆ ಅವಳನ್ನು ತೋರಿಸಿ, ‘ನೋಡಿ, ಮನಸ್ಸು ಮಾಡಿದ್ರೆ ಹೀಗೆ’ ಅಂದೆ. ಅವಳಿಗೆ, ‘ವೆರಿ ಗುಡ್, ಚೆನ್ನಾಗಿ ಇಳಿಸಿದ್ದೀಯ’ ಅಂದೆ. ಮುಟ್ಟು ಈಗ ಪೂರ್ತಿ ನಿಂತೇ ಹೋಗಿದೆ ಅಂತ ಅಮ್ಮ ಹೇಳಿದ್ದನ್ನು ಪಿಸಿಓಡಿಯ ಲೆಕ್ಕಕ್ಕೇ ಸೇರಿಸಿದೆ.

ಮೂರನೇ ಸಲ ಬಂದಾಗ ಕಂಪ್ಲೇಂಟು ಬೇರೆ. ‘ಊಟಾನೇ ಸೇರಲ್ಲ ರೀ ಮೇಡಂ ಇವಳಿಗೆ. ಎರಡು ತುತ್ತು ತಿಂದ್ರೆ ಹೊಟ್ಟೆ ಉಬ್ಬರ ಅಂತಾಳೆ.’ ನಮ್ಮ ಓಪಿಡಿಯಲ್ಲಿ ಇಬ್ಬರಲ್ಲಿ ಒಬ್ಬರಿಗೆ ಗ್ಯಾಸೇ. ಪ್ಯಾಂಟೊಪ್ರಜೋಲ್ ಬರೆದೆ, ಡಾಂಪೆರಿಡೋನ್ ಬರೆದೆ. ಕಮ್ಮಿಯಾಗಲಿಲ್ಲ ಅಂತ ಎಂಡೋಸ್ಕೋಪಿಗೆ ಕಳಿಸಿದೆ. ನಾರ್ಮಲ್. ಥೈರಾಯ್ಡ್ ನಾರ್ಮಲ್. ಟಿಬಿ ಇರಬಹುದೇನೋ ಅಂತ ಎದೆಯ ಎಕ್ಸ್‌ರೇ ತೆಗೆಸಿದೆ. ಅದೂ ನಾರ್ಮಲ್. ‘ಏನೂ ಇಲ್ಲ, ಟೆನ್ಷನ್ ಅಷ್ಟೆ. ಪರೀಕ್ಷೆ ಮುಗಿದ ಮೇಲೆ ಸರಿಹೋಗ್ತಾಳೆ’ ಅಂತ ಕಳಿಸಿಬಿಟ್ಟೆ.

ಪರೀಕ್ಷೆ ಮುಗಿಯುವ ಮೊದಲೇ ಹಾಸ್ಟೆಲ್ ಬಾತ್‌ರೂಮಿನಲ್ಲಿ ಬಿದ್ದಳು. ಆಗ 39 ಕಿಲೋ. ಮನೆಯವರು ನನ್ನ ಹತ್ತಿರ ತರಲಿಲ್ಲ, ಸೀದಾ ಬೆಂಗಳೂರಿಗೆ ಕರೆದುಕೊಂಡು ಹೋದರು. ಅಲ್ಲಿ ನಾಡಿ 42 ಇತ್ತಂತೆ. ಪೊಟ್ಯಾಸಿಯಂ ತುಂಬಾ ಕೆಳಗಿತ್ತಂತೆ. ಅಲ್ಲಿಯ ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ, ‘ಹೇಗೆ ಇಳಿಸಿದೆ?’ ನಾನು ಮೂರು ಭೇಟಿಯಲ್ಲಿ ಕೇಳದೇ ಇದ್ದ ಪ್ರಶ್ನೆ ಅದು. ಅನೊರೆಕ್ಸಿಯಾ ನರ್ವೋಸಾ, ಅಂದರೆ ತಿನ್ನುವುದನ್ನೇ ಬಿಟ್ಟು ಮೈ ಸೊರಗಿಸಿಕೊಳ್ಳುವ ಮನಸ್ಸಿನ ಕಾಯಿಲೆ ಅಂತ ಡಯಾಗ್ನೋಸಿಸ್ ಆಯಿತು. ಜೊತೆಗೆ ಬೆರಳು ಹಾಕಿ ವಾಂತಿ ಮಾಡಿಕೊಳ್ಳುವುದೂ ಇತ್ತು.

ಇದೆಲ್ಲ ನನಗೆ ಗೊತ್ತಾಗಿದ್ದು ಎರಡು ವರ್ಷ ಆದ ಮೇಲೆ. ತಮ್ಮನಿಗೆ ಡೆಂಗಿ ಅಂತ ಅಡ್ಮಿಟ್ ಮಾಡಿದ್ದರು, ಇವಳು ಜೊತೆಗೆ ಉಳಿದುಕೊಂಡಿದ್ದಳು. ಮೈಕೈ ತುಂಬಿಕೊಂಡು ಆರೋಗ್ಯವಾಗಿದ್ದಳು. ನಾನೇ ಗುರುತು ಹಿಡಿದು ಮಾತಾಡಿಸಿದೆ. ಕಥೆಯೆಲ್ಲ ಹೇಳಿ ಕೊನೆಗೆ ಅಂದಳು, ‘ನೀವು ಅವತ್ತು ವೆರಿ ಗುಡ್ ಅಂದ್ರಲ್ಲ ಮೇಡಂ, ಅವತ್ತಿನಿಂದ ರಾತ್ರಿ ಊಟಾನೂ ಬಿಟ್ಟೆ.’ ಸಿಟ್ಟಿನಿಂದ ಹೇಳಲಿಲ್ಲ. ತಮ್ಮನಿಗೆ ಎಳನೀರು ಬಗ್ಗಿಸುತ್ತಾ ಹೇಳಿದಳು. ನಾನು ಪ್ಲೇಟ್ಲೆಟ್ ರಿಪೋರ್ಟ್ ನೋಡುವ ಹಾಗೆ ಮಾಡಿದೆ.

(ಗುರುತು ಸಿಗಬಾರದು ಅಂತ ಇವಳದ್ದೂ, ಮುಂದೆ ಬರುವವರದ್ದೂ ಕೆಲವು ವಿವರ ಬದಲಿಸಿದ್ದೇನೆ.)

ನನಗೆ ಏನೂ ಗೊತ್ತಿರಲಿಲ್ಲ ಅಂತ ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಆದರೆ ಗೊತ್ತಿತ್ತು. ಎಂಬಿಬಿಎಸ್‌ನಲ್ಲಿ ಸೈಕಿಯಾಟ್ರಿ ಪೋಸ್ಟಿಂಗ್ ಇದ್ದದ್ದು ಎರಡು ವಾರ, ಅದರಲ್ಲೂ ಅರ್ಧ ದಿನ ಕ್ಯಾಂಟೀನಿನಲ್ಲಿ ಕಳೆದಿದ್ದೆವು, ಅದು ನಿಜ. ಆದರೂ ಪಿಜಿ ಎಂಟ್ರೆನ್ಸ್‌ಗೆ ಓದಿದ್ದೆನಲ್ಲ. 1873ರಲ್ಲಿ ಲಂಡನ್ನಿನ ವಿಲಿಯಂ ಗಲ್ ಈ ಕಾಯಿಲೆಗೆ ಹೆಸರು ಕೊಟ್ಟದ್ದು, ಅದೇ ವರ್ಷ ಪ್ಯಾರಿಸ್ಸಿನ ಲಾಸೆಗ್ ಇದನ್ನೇ ವಿವರಿಸಿದ್ದು ಗೊತ್ತಿತ್ತು. 1979ರಲ್ಲಿ ಜೆರಾಲ್ಡ್ ರಸೆಲ್ ಬುಲಿಮಿಯಾ ನರ್ವೋಸಾ, ಅಂದರೆ ವಿಪರೀತ ತಿಂದು ವಾಂತಿ ಮಾಡಿಕೊಳ್ಳುವ ಕಾಯಿಲೆಯ ಬಗ್ಗೆ ಬರೆದದ್ದು, ಬೆರಳು ಹಾಕಿ ವಾಂತಿ ಮಾಡಿಕೊಳ್ಳುವವರ ಬೆರಳ ಗೆಣ್ಣಿನ ಮೇಲೆ ಹಲ್ಲು ತಾಗಿ ಗಾಯ ಆಗಿ ದಡ್ಡುಗಟ್ಟುತ್ತದೆ ಅನ್ನುವುದು, ಅದಕ್ಕೆ ರಸೆಲ್ಸ್ ಸೈನ್ ಅನ್ನುತ್ತಾರೆ ಅನ್ನುವುದು ಎಲ್ಲ ಬಾಯಿಪಾಠ. ಎಂಸಿಕ್ಯೂಗೆ ಟಿಕ್ ಹಾಕಿದ್ದೇನೆ, ಮಾರ್ಕ್ಸೂ ಬಂದಿದೆ. ಆದರೆ ಆ ಹುಡುಗಿಯ ಕೈ ಹಿಡಿದು ಮೂರು ಸಲ ಬಿಪಿ ನೋಡಿದ್ದೆ, ಗೆಣ್ಣು ನೋಡಿರಲಿಲ್ಲ.

ಯಾಕೆಂದರೆ ನನ್ನ ತಲೆಯಲ್ಲಿದ್ದ ಪೇಶೆಂಟು ಬೇರೆ. ಬಿಳಿ ಹುಡುಗಿ, ಶ್ರೀಮಂತರ ಮನೆ, ಕನ್ನಡಿ ಮುಂದೆ ನಿಂತು ‘ಅಯ್ಯೋ ದಪ್ಪ ಇದ್ದೀನಿ’ ಅಂತ ಅಳುವವಳು. ಹರಿಹರದ ಕಡೆಯಿಂದ ಅಮ್ಮನ ಜೊತೆ ಬಸ್ಸಿನಲ್ಲಿ ಬಂದು ‘ಗ್ಯಾಸು’ ಅನ್ನುವವಳು ಅಲ್ಲ.

ಆಮೇಲೆ ಓದಿದಾಗ ಗೊತ್ತಾಯಿತು, ಈ ಗೊಂದಲ ನನ್ನೊಬ್ಬಳದೇ ಅಲ್ಲ. ಹಾಂಗ್‌ಕಾಂಗ್‌ನಲ್ಲಿ ಸಿಂಗ್ ಲೀ ಎಂಬ ಮನೋವೈದ್ಯರು 1993ರಲ್ಲಿ 70 ಅನೊರೆಕ್ಸಿಯಾ ರೋಗಿಗಳ ಬಗ್ಗೆ ಬರೆದಿದ್ದರು. ಅವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ದಪ್ಪ ಆಗುವ ಭಯದ ಮಾತೇ ಎತ್ತಿರಲಿಲ್ಲ. ಹೊಟ್ಟೆ ಉಬ್ಬರ, ಹಸಿವಿಲ್ಲ, ಇಂಥ ಕಾರಣಗಳನ್ನೇ ಹೇಳುತ್ತಿದ್ದರು. ನಮ್ಮ ದೇಶದ ವರದಿಗಳಲ್ಲೂ ಇಂಥವರು ಸಿಗುತ್ತಾರೆ. ಮುಟ್ಟು ನಿಂತಿರಲೇಬೇಕು ಅನ್ನುವ ನಿಯಮವನ್ನು 2013ರ ಡಿಎಸ್‌ಎಂ-5ರಲ್ಲಿ, ಅಂದರೆ ಮನಸ್ಸಿನ ಕಾಯಿಲೆಗಳನ್ನು ಗುರುತಿಸೋಕೆ ಅಮೆರಿಕದ ಮನೋವೈದ್ಯರ ಸಂಘ ತರುವ ಕೈಪಿಡಿಯಲ್ಲಿ, ತೆಗೆದೇ ಹಾಕಿದ್ದಾರೆ. ನಾನು ಅದಾದ ಮೇಲೂ ಬಹಳ ವರ್ಷ ಹಳೇ ನೋಟ್ಸನ್ನೇ ನಂಬಿಕೊಂಡಿದ್ದೆ. ‘ಇದು ನಮ್ಮಲ್ಲಿ ಇಲ್ಲವೇ ಇಲ್ಲ’ ಅನ್ನುವ ಮಾತಿಗೂ ಬೆಲೆ ಇಲ್ಲ. ಬೆಂಗಳೂರಿನ ಮನೋವೈದ್ಯರನ್ನು ಕೇಳಿ ಮಾಡಿದ ಸಮೀಕ್ಷೆಯೊಂದು 2012ರಲ್ಲೇ ಪ್ರಕಟವಾಗಿತ್ತು. ಅವರಲ್ಲಿ ಬಹಳ ಜನ ಇಂಥ ಪೇಶೆಂಟನ್ನು ನೋಡಿದ್ದರು. ಮನೋವೈದ್ಯರವರೆಗೆ ಹೋದವರು ಇಷ್ಟು ಅಂದರೆ, ನಮ್ಮಂಥವರ ಹತ್ತಿರ ಗ್ಯಾಸಿನ ಮಾತ್ರೆ ತೆಗೆದುಕೊಂಡು ಹೋದವರು ಎಷ್ಟೋ.

ನಮ್ಮ ಆಸ್ಪತ್ರೆಯ ಡ್ಯೂಟಿ ರೂಮಿನಲ್ಲಿ ಟೀ ಹೊತ್ತಿನಲ್ಲಿ ಒಬ್ಬೊಬ್ಬರನ್ನಾಗಿ ಎಲ್ಲರನ್ನೂ ಕೇಳತೊಡಗಿದೆ. ‘ನೀವು ಈಟಿಂಗ್ ಡಿಸಾರ್ಡರ್ ಕೇಸ್, ಇಂಥ ಊಟದ ಕಾಯಿಲೆ, ನೋಡಿದ್ದೀರಾ?’ ಹೆಚ್ಚಿನವರ ಉತ್ತರ ‘ಇಲ್ಲ’. ಅದಾದ ಮೇಲೆ ಬರುವ ಮಾತುಗಳೇ ನನಗೆ ಬೇಕಾಗಿದ್ದವು. ಒಬ್ಬ ಸರ್ಜನ್, ‘ತಿನ್ನೋಕೆ ಗತಿ ಇಲ್ಲದವರನ್ನ ನೋಡೋದೇ ಆಯ್ತು, ಇನ್ನು ಇದ್ದೂ ತಿನ್ನದವರನ್ನ ಎಲ್ಲಿ ನೋಡ್ಲಿ’ ಅಂದರು. ಮಕ್ಕಳ ಡಾಕ್ಟರು, ‘ಹಟ ಕಣ್ರೀ. ಎರಡು ದಿನ ಮೊಬೈಲ್ ಕಿತ್ಕೊಂಡ್ರೆ ಸರಿಹೋಗುತ್ತೆ’ ಅಂದರು. ಒಬ್ಬ ಸಿಸ್ಟರ್ ಮಾತ್ರ ಮೆಲ್ಲಗೆ, ‘ನಮ್ಮ ನರ್ಸಿಂಗ್ ಹಾಸ್ಟೆಲಲ್ಲಿ ಊಟ ಆದಮೇಲೆ ಇಬ್ಬರು ಹುಡುಗೀರು ದಿನಾ ನಲ್ಲಿ ಬಿಟ್ಕೊಂಡು ಬಾತ್‌ರೂಮಲ್ಲಿ ಇರ್ತಿದ್ರು ಮೇಡಂ’ ಅಂದರು. ನಲ್ಲಿ ಯಾಕೆ ಬಿಡುತ್ತಿದ್ದರು ಅಂತ ಆಗ ಯಾರೂ ಯೋಚಿಸಿರಲಿಲ್ಲ.

ಗೊತ್ತಿಲ್ಲ ಅನ್ನುವವರಿಗೆ ಕಲಿಸಬಹುದು. ‘ಹಟ’ ಅನ್ನುವವರಿಗೆ ಕಲಿಸೋದು ಕಷ್ಟ. ನಾನೂ ಅವರಲ್ಲಿ ಒಬ್ಬಳಾಗಿದ್ದೆ ಅನ್ನುವುದಷ್ಟೇ ನನಗಿದ್ದ ಅನುಕೂಲ.

ಮೊದಲು ಮಾಡಿದ್ದು ಒಂದು ಸಿಎಂಇ, ವೈದ್ಯರಿಗೇ ಅಂತ ನಡೆಸುವ ಪಾಠ. ಪಿಪಿಟಿ ತಯಾರು ಮಾಡಿದೆ, ಐವತ್ತು ಸ್ಲೈಡು. ಮಧ್ಯಾಹ್ನ ಎರಡು ಗಂಟೆ, ಊಟ ಆದ ಹೊತ್ತು, ಎಸಿ ಹಾಲು. ಹನ್ನೊಂದನೇ ಸ್ಲೈಡಿಗೆ ಹಿಂದಿನ ಸಾಲು ನಿದ್ದೆಗೆ ಜಾರಿತ್ತು. ಕೊನೆಗೆ ಬಂದ ಒಂದೇ ಪ್ರಶ್ನೆ, ‘ಟ್ರೀಟ್‌ಮೆಂಟ್ ಏನು ಹೇಳಿಬಿಡಿ’. ನಾನು ಹೇಳಿದ್ದರಲ್ಲಿ ಯಾರಿಗೂ ಏನೂ ನೆನಪುಳಿದಿಲ್ಲ, ಅದನ್ನು ಮರುವಾರವೇ ಪರೀಕ್ಷೆ ಮಾಡಿ ನೋಡಿದ್ದೇನೆ. ಅದರ ಬಗ್ಗೆ ಇನ್ನು ಜಾಸ್ತಿ ಬರೆಯೋದಿಲ್ಲ.

ಕೆಲಸಕ್ಕೆ ಬಂದದ್ದು ಬೇರೆ. ಕೇಳುವ ಭಾಷೆಯನ್ನು ಸರಿಮಾಡಿಕೊಂಡದ್ದು.

ಇಂಥವರನ್ನು ಪತ್ತೆ ಹಚ್ಚಲು ಸ್ಕಾಫ್ ಅಂತ ಐದು ಪ್ರಶ್ನೆಗಳಿವೆ, 1999ರಲ್ಲಿ ಲಂಡನ್ನಿನ ವೈದ್ಯರು ಮಾಡಿದ್ದು. ಎರಡಕ್ಕೆ ‘ಹೌದು’ ಬಂದರೆ ಇನ್ನೂ ಆಳಕ್ಕೆ ಹೋಗಿ ಕೇಳಬೇಕು. ಒಳ್ಳೇ ಪ್ರಶ್ನೆಗಳೇ. ನಾನು ಅವನ್ನು ಹಾಗೆ ಹಾಗೇ ಕನ್ನಡಕ್ಕೆ ತಂದು ಓಪಿಡಿಯಲ್ಲಿ ಕೇಳಿದೆ. ಎಲ್ಲರೂ ‘ಇಲ್ಲ’ ಅಂದರು. ಒಬ್ಬಳಂತೂ ‘ಏನು ಮೇಡಂ, ಸರ್ವೇನಾ?’ ಅಂದಳು.

ತಪ್ಪು ಎಲ್ಲಿದೆ ಅಂತ ತಿಳಿಯೋಕೆ ನನಗೆ ಒಂದು ವರ್ಷ ಹಿಡಿಯಿತು. ವಾಂತಿಯನ್ನೇ ತೆಗೆದುಕೊಳ್ಳಿ. ಕನ್ನಡದಲ್ಲಿ ವಾಂತಿ ‘ಆಗುತ್ತೆ’. ಯಾರೂ ವಾಂತಿ ‘ಮಾಡ್ಕೋತೀನಿ’ ಅಂತ ತಾವಾಗಿ ಹೇಳೋದಿಲ್ಲ. ‘ವಾಂತಿ ಆಗುತ್ತಾ?’ ಅಂತ ನಾವು ಕೇಳಿದರೆ ‘ಹೂಂ, ಆಗುತ್ತೆ’ ಅನ್ನುತ್ತಾರೆ. ಅದು ಸುಳ್ಳಲ್ಲ. ನಾವು ವಾಂತಿ ನಿಲ್ಲಿಸುವ ಒಂಡೆನ್‌ಸೆಟ್ರಾನ್ ಬರೆಯುತ್ತೇವೆ, ಕಥೆ ಮುಗಿಯಿತು. ‘ನೀವೇ ಬೇಕಂತ ವಾಂತಿ ಮಾಡ್ಕೋತೀರಾ?’ ಅಂತ ಕೇಳಿದರೆ ಪೊಲೀಸ್ ಠಾಣೆಯ ಪ್ರಶ್ನೆ ಆಗುತ್ತದೆ. ‘ಬೇಕಂತ’ ಅನ್ನುವ ಪದವೇ ಅಪರಾಧ ಹೊರಿಸುತ್ತದೆ. ಈಗ ನಾನು ಹೀಗೆ ಕೇಳುತ್ತೇನೆ: ‘ಕೆಲವರಿಗೆ ಹೊಟ್ಟೆ ಭಾರ ಆದಾಗ ಕಕ್ಕಿಬಿಟ್ಟರೆ ಹಗುರ ಅನಿಸುತ್ತೆ. ಬೆರಳು ಹಾಕ್ತಾರೆ. ನಿಮಗೂ ಹಾಗೆ ಮಾಡ್ಬೇಕು ಅನಿಸಿದ್ದುಂಟಾ?’ ಕೇಳಿ ಸುಮ್ಮನಿರುತ್ತೇನೆ. ಸುಮ್ಮನಿರೋದು ಮುಖ್ಯ. ಅಮ್ಮನನ್ನು ಅಷ್ಟು ಹೊತ್ತಿಗೆ ಸಿಸ್ಟರ್ ಬಿಲ್ಲಿಂಗ್ ಕಡೆ ಕರೆದುಕೊಂಡು ಹೋಗಿರುತ್ತಾರೆ, ಅದು ನಮ್ಮಿಬ್ಬರ ಒಪ್ಪಂದ.

ಆ ಐದರಲ್ಲಿ ಮೂರು ತಿಂಗಳಲ್ಲಿ ಒಂದು ಸ್ಟೋನ್ ತೂಕ ಇಳಿದಿದೆಯಾ ಅನ್ನುವ ಪ್ರಶ್ನೆ ಒಂದು. ಸ್ಟೋನ್ ಅಂದರೆ 6 ಕಿಲೋ ಚಿಲ್ಲರೆ. ನಮ್ಮ ಹುಡುಗಿಯರಲ್ಲಿ ಎಷ್ಟು ಜನರಿಗೆ ಮೂರು ತಿಂಗಳ ಹಿಂದಿನ ತೂಕ ಗೊತ್ತಿರುತ್ತದೆ? ಹಾಗಾಗಿ ನಾನು ಬಟ್ಟೆ ಕೇಳುತ್ತೇನೆ. ‘ಚೂಡಿದಾರ್ ಹಿಡಿಸಿದ್ದೀಯಾ? ಎಷ್ಟು ಸಲ?’ ಟೈಲರ್ ಹತ್ತಿರ ಎರಡು ಸಲ ಹಿಡಿಸಿದ್ದೇನೆ ಅಂದರೆ ನನಗೆ ಗ್ರಾಫ್ ಸಿಕ್ಕ ಹಾಗೆ. ಹುಡುಗರಿಗಾದರೆ ಬೆಲ್ಟಿನ ತೂತು. ಹೊಸದಾಗಿ ಮೊಳೆಯಲ್ಲಿ ತೂತು ಹೊಡೆದಿದ್ದರೆ ಕಣ್ಣಿಗೇ ಕಾಣುತ್ತದೆ.

ಇನ್ನೊಂದು ಉಪವಾಸ. ಸೋಮವಾರ, ಗುರುವಾರ, ಶನಿವಾರ ಒಪ್ಪತ್ತು, ಜೊತೆಗೆ ಏಕಾದಶಿ, ಸಂಕಷ್ಟಿ. ನಮ್ಮ ಮನೆಗಳಲ್ಲಿ ಇದನ್ನು ಯಾರೂ ಪ್ರಶ್ನೆ ಮಾಡೋದಿಲ್ಲ, ಹೊಗಳುತ್ತಾರೆ. ಉಪವಾಸ ಮಾಡುವವರೆಲ್ಲ ರೋಗಿಗಳು ಅಂತ ನಾನು ಹೇಳುತ್ತಿಲ್ಲ, ನಾನೇ ಶಿವರಾತ್ರಿ ಮಾಡುತ್ತೇನೆ. ಕೇಳೋದು ಇಷ್ಟೇ: ‘ಉಪವಾಸ ಬಿಟ್ಟ ಮೇಲೆ ಏನು ತಿಂದೆ?’ ಭಕ್ತಿಯಿಂದ ಮಾಡಿದವರು ಪಾರಣೆಗೆ ತಿಂದದ್ದನ್ನು ಬಾಯಲ್ಲಿ ನೀರೂರುವ ಹಾಗೆ ಹೇಳುತ್ತಾರೆ. ಕಾಯಿಲೆ ಇರುವವರು ಆ ಪ್ರಶ್ನೆಗೆ ಮುಖ ಸಣ್ಣ ಮಾಡುತ್ತಾರೆ.

ಈ ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದು, ಜೆರಾಕ್ಸ್ ಮಾಡಿಸಿ, ಓಪಿಡಿ ಮೇಜಿನ ಗಾಜಿನ ಕೆಳಗೆ ಇಟ್ಟೆವು. ಐವತ್ತು ಸ್ಲೈಡು ಮಾಡದ ಕೆಲಸವನ್ನು ಆ ಒಂದು ಹಾಳೆ ಮಾಡಿತು.

ಎದುರು ರಸ್ತೆಯ ಡೆಂಟಿಸ್ಟ್ ನನ್ನ ಕ್ಲಾಸ್‌ಮೇಟಿನ ಗಂಡ. ಒಂದು ದಿನ ಮಾತಿಗೆ ಮಾತು ಬಂದು ಕೇಳಿದೆ, ‘ಮೇಲಿನ ಮುಂದಿನ ಹಲ್ಲುಗಳ ಒಳಭಾಗ ಸವೆದವರು ನಿಮಗೆ ಸಿಗ್ತಾರಾ?’ ಹೊಟ್ಟೆಯ ಆಸಿಡ್ ಪದೇ ಪದೇ ಬಾಯಿಗೆ ಬಂದರೆ ಮೊದಲು ಸವೆಯುವುದು ಆ ಜಾಗದ ಎನಾಮಲ್, ಅಂಗುಳಿನ ಕಡೆಯದ್ದು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಸಿಗ್ತಾರೆ. ನಿಂಬೆಹಣ್ಣು ಜಾಸ್ತಿ ಚೀಪ್ತೀಯಾ ಅಂತ ಕೇಳಿ, ಫಿಲ್ಲಿಂಗ್ ಮಾಡಿ ಕಳಿಸ್ತಿದ್ದೆ’ ಅಂದರು. ಆಮೇಲೆ ಅವರು ಕಳಿಸಿದ ಪೇಶೆಂಟುಗಳೇ ನನ್ನ ನಿಜವಾದ ಪಾಠ. ಕಿವಿಯ ಕೆಳಗೆ ಎರಡೂ ಕಡೆ ಊದಿಕೊಂಡು ಮಂಗನಬಾವು ಅಂತ ಔಷಧ ತೆಗೆದುಕೊಂಡಿದ್ದ ಒಬ್ಬಾಕೆ ಅಲ್ಲಿಂದಲೇ ಬಂದದ್ದು. ವಾಂತಿ ಮಾಡಿಕೊಳ್ಳುವವರಲ್ಲಿ ಜೊಲ್ಲಿನ ಗ್ರಂಥಿ ಹಾಗೆ ಊದುತ್ತದೆ. ಆಕೆಗೆ ಮದುವೆಯಾಗಿ ಇಬ್ಬರು ಮಕ್ಕಳಿದ್ದರು, ವಯಸ್ಸು ಮೂವತ್ತು ದಾಟಿತ್ತು. ‘ಹದಿಹರೆಯದ ಹುಡುಗಿಯರ ಕಾಯಿಲೆ’ ಅನ್ನುವ ನನ್ನ ಇನ್ನೊಂದು ನಂಬಿಕೆಯೂ ಅಲ್ಲಿಗೆ ಹೋಯಿತು.

ತೂಕ ನೋಡುವ ರೀತಿಯನ್ನು ಬದಲಿಸಿದ್ದು ನಮ್ಮ ಹಿರಿಯ ಸಿಸ್ಟರ್. ಮೊದಲು ತೂಕದ ಮಷಿನ್ ಓಪಿಡಿ ಬಾಗಿಲಲ್ಲಿತ್ತು. ಹತ್ತಿ ನಿಂತರೆ ಸಿಸ್ಟರ್ ಅಲ್ಲಿಂದಲೇ ‘ಎಪ್ಪತ್ನಾಲ್ಕು!’ ಅಂತ ಕೂಗುತ್ತಿದ್ದರು, ನಾನು ಒಳಗಿಂದ ಬರೆದುಕೊಳ್ಳುತ್ತಿದ್ದೆ. ಬೆಂಚಿನ ಮೇಲೆ ಕೂತ ಇಪ್ಪತ್ತು ಜನಕ್ಕೂ ಗೊತ್ತಾಗುತ್ತಿತ್ತು. ಈಗ ಮಷಿನ್ ಪರದೆಯ ಹಿಂದೆ ಇದೆ. ಚೀಟಿಯಲ್ಲಿ ಬರೆದು ಮಡಿಸಿ ಕೊಡುತ್ತಾರೆ. ಊಟದ ಕಾಯಿಲೆ ಅಂತ ಗೊತ್ತಾದವರನ್ನು ಮುಳ್ಳಿಗೆ ಬೆನ್ನು ಮಾಡಿ ನಿಲ್ಲಿಸುತ್ತಾರೆ. ನಿಲ್ಲಿಸುವ ಮೊದಲು ಜೇಬು ನೋಡುತ್ತಾರೆ. ಒಮ್ಮೆ ಒಬ್ಬ ಹುಡುಗಿಯ ಸ್ವೆಟರ್ ಜೇಬಿನಲ್ಲಿ ಕೂದಲ ಕ್ಲಿಪ್ಪಿನ ಜೊತೆ ಎರಡು ಬೀಗ ಸಿಕ್ಕಿದ್ದವು, ಗೋದ್ರೆಜ್ ಬೀಗ, ತೂಕ ಹೆಚ್ಚು ತೋರಿಸಲಿ ಅಂತ. ಸಿಸ್ಟರ್ ಬೈಯಲಿಲ್ಲ. ಬೀಗ ತೆಗೆದು ಮೇಜಿನ ಮೇಲಿಟ್ಟು, ‘ಹೋಗುವಾಗ ಮರೀಬೇಡ, ಕೀ ಇದೆಯಲ್ಲ?’ ಅಂದರು ಅಷ್ಟೆ. ಆ ಹುಡುಗಿ ಮುಂದಿನ ವಾರ ಬೀಗ ಇಲ್ಲದೆ ಬಂದಳು.

ಇನ್ನು ಗ್ಲೂಕೋಸ್ ವಿಷಯ. ಇದನ್ನು ನಾನು ಬರೆಯಲೇಬೇಕು, ಯಾಕೆಂದರೆ ಇದರಲ್ಲಿ ಜೀವ ಹೋಗಬಹುದು.

ನಮ್ಮ ಕಡೆ ಸುಸ್ತು ಅಂದರೆ ಬಾಟ್ಲಿ. ‘ಎರಡು ಗ್ಲೂಕೋಸ್ ಏರಿಸಿ ಡಾಕ್ಟ್ರೇ, ಮೈಗೆ ಶಕ್ತಿ ಬರಲಿ’ ಅಂತ ಮನೆಯವರೇ ಆರ್ಡರ್ ಕೊಡುತ್ತಾರೆ. ವಾರಗಟ್ಟಲೆ ಬರೀ ಟೀ, ಸೌತೆಕಾಯಿ ಮೇಲಿದ್ದ ಹತ್ತೊಂಬತ್ತು ವರ್ಷದ ಹುಡುಗಿಯನ್ನು ಒಂದು ರಾತ್ರಿ ಅಡ್ಮಿಟ್ ಮಾಡಿದ್ದರು. ಡ್ಯೂಟಿಯಲ್ಲಿದ್ದ ಹುಡುಗ ಪಾಪ ಹೊಸಬ, ಡಿಎನ್‌ಎಸ್, ಅಂದರೆ ಗ್ಲೂಕೋಸ್ ಬೆರೆತ ಉಪ್ಪುನೀರು, ಎರಡು ಬಾಟಲ್ ಬರೆದಿದ್ದ. ಬೆಳಿಗ್ಗೆ ಮನೆಯಿಂದ ತಂದ ಗಂಜಿ, ಹಾರ್ಲಿಕ್ಸ್, ಬಾಳೆಹಣ್ಣು ಎಲ್ಲವನ್ನೂ ಅಮ್ಮ ಒತ್ತಾಯ ಮಾಡಿ ತಿನ್ನಿಸಿದ್ದರು. ಎಲ್ಲರಿಗೂ ಸಂತೋಷ, ನನಗೂ. ಮೂರನೇ ದಿನ ಕಾಲು ಊದಿಕೊಂಡಿತು, ಉಸಿರು ಮೇಲಕ್ಕೆ ಬಂತು, ಎದೆ ಬಡಿತ ಜೋರಾಯಿತು. ಫಾಸ್ಫರಸ್ ಕಳಿಸಿ ಅಂದೆ. ಲ್ಯಾಬ್ ಟೆಕ್ನಿಷಿಯನ್ ಫೋನ್ ಮಾಡಿ, ‘ಫಾಸ್ಫರಸ್ಸಾ ಮೇಡಂ? ಕಿಡ್ನಿ ಪೇಶೆಂಟಾ?’ ಅಂತ ಕೇಳಿದ. ರಿಪೋರ್ಟ್ ಬಂದಾಗ ನೆಲಕ್ಕೆ ಇಳಿದಿತ್ತು.

ಇದಕ್ಕೆ ರೀಫೀಡಿಂಗ್ ಸಿಂಡ್ರೋಮ್ ಅಂತ ಹೆಸರು. ಉಪವಾಸ ಇದ್ದ ಮೈಯಲ್ಲಿ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ದಾಸ್ತಾನು ಖಾಲಿ ಆಗಿರುತ್ತದೆ. ರಕ್ತದಲ್ಲಿ ಮಾತ್ರ ಹೇಗೋ ನಾರ್ಮಲ್ ಕಾಣುತ್ತಿರುತ್ತದೆ. ಒಮ್ಮೆಲೇ ಸಕ್ಕರೆ ಬಿದ್ದರೆ ಇನ್ಸುಲಿನ್ ಏರುತ್ತದೆ, ರಕ್ತದಲ್ಲಿ ಉಳಿದದ್ದೂ ಜೀವಕೋಶದ ಒಳಗೆ ಹೋಗಿಬಿಡುತ್ತದೆ. ಆಗ ಹೃದಯ ಸೋಲುತ್ತದೆ. ಎರಡನೇ ಮಹಾಯುದ್ಧದಲ್ಲಿ ಸೆರೆಶಿಬಿರಗಳಿಂದ ಬಿಡಿಸಿ ತಂದವರಿಗೆ ಹೊಟ್ಟೆ ತುಂಬಾ ಊಟ ಕೊಟ್ಟಾಗ ಕೆಲವರು ಸತ್ತೇ ಹೋದದ್ದನ್ನು ವೈದ್ಯರು ಆಗಲೇ ಕಂಡಿದ್ದರು. ನಮ್ಮ ಹುಡುಗಿ ಉಳಿದಳು. ಐಸಿಯುನಲ್ಲಿ ಐದು ದಿನ ಆಯಿತು.

ಈಗ ನಮ್ಮ ವಾರ್ಡಿನಲ್ಲಿ ಒಂದು ನಿಯಮ ಇದೆ. ಹತ್ತು ದಿನದಿಂದ ಸರಿಯಾಗಿ ತಿಂದಿಲ್ಲ ಅಂದವರಿಗೆ ಗ್ಲೂಕೋಸ್ ಹಚ್ಚುವ ಮೊದಲು ನನಗೆ ಫೋನ್ ಬರಬೇಕು, ರಾತ್ರಿ ಎರಡು ಗಂಟೆ ಆದರೂ. ಮೊದಲು ಥಯಮಿನ್, ಅಂದರೆ ವಿಟಮಿನ್ ಬಿ1. ಇಸಿಜಿ. ಪೊಟ್ಯಾಸಿಯಂ, ಮೆಗ್ನೀಸಿಯಂ, ಫಾಸ್ಫರಸ್, ಮೊದಲ ವಾರ ದಿನಾ. ಊಟ ಕಮ್ಮಿಯಿಂದ ಶುರು, ದಿನದಿನಕ್ಕೂ ಏರಿಸುತ್ತಾ ಹೋಗೋದು, ಡಯಟೀಶಿಯನ್ ಲೆಕ್ಕ ಹಾಕಿ. ಇನ್ನೊಂದು ಮಾತು, ಹೊಟ್ಟೆ ಉಬ್ಬರಕ್ಕೆ ಅಂತ ನಾನು ಕಣ್ಣು ಮುಚ್ಚಿ ಬರೆಯುತ್ತಿದ್ದ ಡಾಂಪೆರಿಡೋನ್, ಪೊಟ್ಯಾಸಿಯಂ ಇಳಿದವರಲ್ಲಿ ಹೃದಯದ ಲಯವನ್ನೇ ಕೆಡಿಸಬಹುದು. ಆ ಮೊದಲ ಹುಡುಗಿಗೆ ಬರೆದಿದ್ದೆನಲ್ಲ, ಅದನ್ನು ನೆನೆದರೆ ಈಗಲೂ ಅಂಗೈ ಬೆವರುತ್ತದೆ.

‘ಹಟ’ ಅನ್ನುವ ಮಾತನ್ನು ನಮ್ಮವರ ಬಾಯಿಂದ ಬಿಡಿಸಿದ್ದು ಒಂದು ಹಳೇ ಪ್ರಯೋಗದ ಕಥೆ. ಅದನ್ನು ನಾನು ನೈಟ್ ಡ್ಯೂಟಿಯಲ್ಲಿ, ಟೀ ಕುಡಿಯುತ್ತಾ, ಸಿಸ್ಟರ್‌ಗಳಿಗೆ ಕಥೆ ಹೇಳುವ ಹಾಗೇ ಹೇಳಿದ್ದು. 1944ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಗಂಡಸರನ್ನು ಆರಿಸಿದರು. ಯುದ್ಧಕ್ಕೆ ಹೋಗಲ್ಲ ಅಂದವರು ಅವರು, ಗಟ್ಟಿಮುಟ್ಟಾದವರು, ಮನಸ್ಸೂ ಸರಿ ಇದ್ದವರು. ಅವರಿಗೆ 24 ವಾರ ಅರೆಹೊಟ್ಟೆ ಊಟ. ಏನಾಯಿತು ಗೊತ್ತಾ? ನಾಡಿ ಇಳಿಯಿತು, ಬೇಸಿಗೆಯಲ್ಲೂ ಚಳಿ. ಅದು ಸರಿ. ಆದರೆ ಅವರು ಅಡುಗೆ ಪುಸ್ತಕ ಓದತೊಡಗಿದರು. ತಟ್ಟೆ ನೆಕ್ಕತೊಡಗಿದರು. ಒಂದು ಊಟವನ್ನು ಗಂಟೆಗಟ್ಟಲೆ ಎಳೆದರು. ಸಿಡುಕು, ಒಬ್ಬರೇ ಕೂರೋದು. ಮತ್ತೆ ಊಟ ಸಿಕ್ಕಾಗ ಕೆಲವರಿಗೆ ಎಷ್ಟು ತಿಂದರೂ ಸಾಲದು.

ಹಿರಿಯ ಸಿಸ್ಟರ್ ಕಪ್ಪು ಕೆಳಗಿಟ್ಟರು. ‘ನಮ್ಮ ಏಳನೇ ನಂಬರ್ ಬೆಡ್ ಹುಡುಗಿ ಯೂಟ್ಯೂಬಲ್ಲಿ ದಿನವಿಡೀ ಅಡುಗೆ ವಿಡಿಯೋ ನೋಡ್ತಾಳೆ ಮೇಡಂ. ತಿನ್ನಲ್ಲ, ಆದ್ರೆ ನೋಡ್ತಾಳೆ. ನಾನು ನಾಟಕ ಅಂದ್ಕೊಂಡಿದ್ದೆ.’ ಹಸಿವೇ ಮನಸ್ಸನ್ನು ಹಾಗೆ ಮಾಡುತ್ತದೆ, ಅವಳ ಗುಣವೇ ಹಾಗೆ ಅಂತಲ್ಲ ಅಂದೆ. ಮಾರನೇ ದಿನದಿಂದ ಸಿಸ್ಟರ್ ಆ ಬೆಡ್ ಪಕ್ಕ ಊಟದ ಹೊತ್ತಿಗೆ ಸ್ಟೂಲ್ ಹಾಕಿಕೊಂಡು ಕೂರತೊಡಗಿದರು. ತಾವೂ ಡಬ್ಬಿ ತೆಗೆದು ರೊಟ್ಟಿ ಪಲ್ಯ ತಿನ್ನುತ್ತಾ, ಊಟದ ಮಾತು ಬಿಟ್ಟು ಬೇರೆಲ್ಲ ಮಾತಾಡುತ್ತಾ. ಆಮೇಲೆ ಅರ್ಧ ಗಂಟೆ ಬಾತ್‌ರೂಮಿಗೆ ಬಿಡದೆ ಚೌಕಾಬಾರ ಆಡಿಸುತ್ತಿದ್ದರು. ಅದನ್ನು ಯಾವ ಪುಸ್ತಕದಿಂದ ಕಲಿತರೋ ನಾನು ಕೇಳಲಿಲ್ಲ.

ಮನೋವೈದ್ಯರ ಹತ್ತಿರ ಕಳಿಸುವುದು ಇನ್ನೊಂದು ಹೋರಾಟ. ‘ನಮ್ಮ ಹುಡುಗಿಗೆ ಹುಚ್ಚಾ ರೀ?’ ಅಂತ ಅಪ್ಪಂದಿರು ಎದ್ದೇ ನಿಲ್ಲುತ್ತಾರೆ. ಮೊದಲು ನಾನು ವಾದ ಮಾಡುತ್ತಿದ್ದೆ. ಈಗ ಇಸಿಜಿ ತೋರಿಸುತ್ತೇನೆ. ‘ನಾಡಿ ನೋಡಿ, 44. ಇದನ್ನ ನಾನು ನೋಡ್ಕೋತೀನಿ. ಊಟದ ಭಯವನ್ನ ನೋಡ್ಕೊಳ್ಳೋಕೆ ಇನ್ನೊಬ್ಬ ಡಾಕ್ಟ್ರು ಬೇಕು. ಇಬ್ಬರೂ ಸೇರಿ ಮಾಡೋ ಕೆಲಸ.’ ಇಲ್ಲೇ ಸಿಗುವ ಮನೋವೈದ್ಯರಿಗೆ ನಾನೇ ಫೋನ್ ಮಾಡಿ ಕಳಿಸುತ್ತೇನೆ, ಕಷ್ಟದ ಕೇಸಾದರೆ ನಿಮ್ಹಾನ್ಸ್. ಹೋಗಲು ಒಪ್ಪದವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಬರೆದುಕೊಡುತ್ತೇನೆ. 2022ರಲ್ಲಿ ಶುರುವಾದದ್ದು, ಕನ್ನಡದಲ್ಲೇ ಮಾತಾಡುತ್ತಾರೆ. ಹದಿಹರೆಯದವರಾದರೆ ಮನೆಯವರನ್ನೇ ಚಿಕಿತ್ಸೆಗೆ ಸೇರಿಸಿಕೊಳ್ಳುವ ಪದ್ಧತಿ ಇದೆ, ಲಂಡನ್ನಿನ ಮಾಡ್ಸ್‌ಲಿ ಆಸ್ಪತ್ರೆಯಲ್ಲಿ ಬೆಳೆದದ್ದು. ಊಟದ ಜವಾಬ್ದಾರಿಯನ್ನು ಸ್ವಲ್ಪ ಕಾಲ ಅಪ್ಪ ಅಮ್ಮ ತೆಗೆದುಕೊಳ್ಳುವುದು. ಇದನ್ನು ಹೇಳಿದಾಗ ನಮ್ಮ ಅಮ್ಮಂದಿರ ಮುಖ ಅರಳುತ್ತದೆ. ಅವರಿಗೆ ಬಡಿಸೋಕೆ ಹೇಳಿಕೊಡಬೇಕಾಗಿಲ್ಲ. ‘ಇಷ್ಟು ಸಣ್ಣ ಆಗಿದ್ದೀಯ, ಯಾರು ಮದುವೆ ಆಗ್ತಾರೆ’ ಅನ್ನದೇ ಬಡಿಸೋಕೆ ಹೇಳಿಕೊಡಬೇಕು. ಅದಕ್ಕೇ ಜಾಸ್ತಿ ದಿನ ಹಿಡಿಯುತ್ತದೆ.

ಸಣ್ಣಗಿರುವವರ ಬಗ್ಗೆ ನಮ್ಮ ಆಸ್ಪತ್ರೆಯಲ್ಲಿ ಮನಸ್ಸು ಬದಲಾಯಿತು ಅಂತ ನಾನು ಬೀಗುತ್ತಿದ್ದಾಗ, ದಪ್ಪ ಇರುವವರ ವಿಷಯದಲ್ಲಿ ನಾನೇ ಎಲ್ಲಿದ್ದೆನೋ ಅಲ್ಲೇ ಇದ್ದೆ. ನಲವತ್ತೈದು ವರ್ಷದ ಒಬ್ಬ ಶುಗರ್ ಪೇಶೆಂಟ್, ಸ್ವಂತ ಅಂಗಡಿ ಇರುವವರು. ಪ್ರತಿ ಸಲವೂ ಬೈಸಿಕೊಂಡು ಹೋಗುತ್ತಿದ್ದರು. ‘ಡಯಟ್ ಚಾರ್ಟ್ ಕೊಟ್ಟಿದ್ದೀನಲ್ಲ, ಬಾಯಿ ಕಟ್ಟೋಕೆ ಆಗಲ್ವಾ?’ ಅಂತ. ಒಂದು ದಿನ ಗಾಜಿನ ಕೆಳಗಿನ ಹಾಳೆಯ ಮೇಲೆ ಕಣ್ಣು ಬಿದ್ದು, ಸುಮ್ನೆ ಅವರನ್ನೂ ಕೇಳಿದೆ. ‘ತಿನ್ನೋಕೆ ಶುರು ಮಾಡಿದ್ರೆ ನಿಲ್ಲಿಸೋಕೆ ಆಗಲ್ಲ ಅನ್ನೋ ಹಾಗೆ ಆಗುತ್ತಾ?’ ಆ ಮನುಷ್ಯ ಅತ್ತುಬಿಟ್ಟರು. ಅಂಗಡಿ ಬಾಗಿಲು ಹಾಕಿದ ಮೇಲೆ, ಹೆಂಡತಿಗೆ ಗೊತ್ತಾಗದ ಹಾಗೆ, ಕತ್ತಲಲ್ಲಿ ಕೂತು, ಹೊಟ್ಟೆ ನೋಯುವವರೆಗೂ ತಿನ್ನುತ್ತಿದ್ದರಂತೆ, ವಾರದಲ್ಲಿ ಮೂರು ನಾಲ್ಕು ದಿನ. ಬಿಂಜ್ ಈಟಿಂಗ್ ಡಿಸಾರ್ಡರ್ ಅನ್ನುವುದನ್ನು ಡಿಎಸ್‌ಎಂ-5 ಪ್ರತ್ಯೇಕ ಕಾಯಿಲೆ ಅಂತ ಒಪ್ಪಿದ್ದು ನನಗೆ ಗೊತ್ತಿತ್ತು, ಸ್ಲೈಡಿನಲ್ಲೂ ಹಾಕಿದ್ದೆ. ಎದುರಿಗೆ ಏಳು ವರ್ಷದಿಂದ ಕೂತಿದ್ದವರಲ್ಲಿ ಕಂಡಿರಲಿಲ್ಲ. ನನ್ನ ಡಯಟ್ ಚಾರ್ಟೇ ಅವರನ್ನು ಹಗಲೆಲ್ಲ ಹಸಿವಿನಲ್ಲಿಟ್ಟು ರಾತ್ರಿಯ ಆ ತಿನ್ನುವಿಕೆಗೆ ನೂಕುತ್ತಿತ್ತು. ಈಗ ಅವರಿಗೆ ಮೊದಲ ನಿಯಮ, ಮಧ್ಯಾಹ್ನದ ಊಟ ತಪ್ಪಿಸಬಾರದು.

ಕಳೆದ ತಿಂಗಳು ಒಬ್ಬ ಇಂಜಿನಿಯರಿಂಗ್ ಹುಡುಗ ಬಂದ. ಫ್ಯಾಟಿ ಲಿವರ್ ಅಂತ ಫಾಲೋಅಪ್. ಹಳೇ ಚೀಟಿಯಲ್ಲಿ 96 ಕಿಲೋ, ಹೊಸದರಲ್ಲಿ 82. ಮೂರು ತಿಂಗಳು. ಲಿವರ್ ಟೆಸ್ಟ್ ಎಸ್‌ಜಿಪಿಟಿ ನಾರ್ಮಲ್‌ಗೆ ಬಂದಿತ್ತು. ಸಂಜೆ ಏಳೂವರೆ, ನನಗೆ ಮನೆಗೆ ಹೋಗುವ ಆತುರ, ರಿಪೋರ್ಟ್ ನೋಡುತ್ತಲೇ ಬಾಯಿ ತೆರೆದೆ, ‘ವೆರಿ...’

ಸಿಸ್ಟರ್ ಕೆಮ್ಮಿದರು. ಜೋರಾಗೇನಲ್ಲ. ಬಿಪಿ ಪಟ್ಟಿ ಬಿಚ್ಚುತ್ತಾ ಅವನ ಬಲಗೈಯನ್ನು ಮೇಜಿನ ಮೇಲೆ ಸ್ವಲ್ಪ ಮುಂದಕ್ಕೆ ಇಟ್ಟರು, ಗೆಣ್ಣು ಮೇಲೆ ಬರುವ ಹಾಗೆ. ತೋರುಬೆರಳಿನ ಬುಡದಲ್ಲಿ ಕಂದು ಬಣ್ಣದ ಒಂದು ದಡ್ಡು. ಬೈಕಿನಿಂದ ಬಿದ್ದದ್ದೂ ಇರಬಹುದು.

ರಿಪೋರ್ಟ್ ಮಡಿಸಿಟ್ಟೆ. ‘ಹೇಗೆ ಇಳಿಸಿದೆ ಮಗಾ?’ ಅಂತ ಕೇಳಿದೆ.

‘ಜಿಮ್ಮು ಮೇಡಂ’ ಅಂದ. ಸ್ವಲ್ಪ ಹೊತ್ತು ಕೈ ನೋಡಿಕೊಂಡ. ‘ಮತ್ತೆ...’ ಅಂದು ಬಾಗಿಲ ಕಡೆ ನೋಡಿದ. ಸಿಸ್ಟರ್ ಎದ್ದು ಹೋಗಿ ಬಾಗಿಲು ಹಾಕಿ, ಹೊರಗೆ ಕಾಯುತ್ತಿದ್ದ ಅವನ ಅಪ್ಪನನ್ನು ಬಿಲ್ಲಿಂಗ್ ಕಡೆ ಕರೆದುಕೊಂಡು ಹೋದರು.